ಅಮ್ಮ ತುಟಿಯಲ್ಲೇ ಬೈದ ಫೈನಲ್

ನಮ್ಮಮ್ಮನ ಬಾಯಿ ದೊಡ್ಡದು ಎಂದು ದೊಡ್ಡಬಳ್ಳಾಪುರದಲ್ಲಿ ಅರ್ಧ ಊರು ಹೇಳುತ್ತಿತ್ತು. ಹೌದು, ದೊಡ್ಡದೇ. ಏನೀಗ? ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ನಾವು ಬದುಕಿದ್ದು ಹಾಗೆಯೇ. ಅಪ್ಪ ಸತ್ತಾಗ ನನಗೆ ನಾಲ್ಕು ವರ್ಷ. ಮೂರು ತಿಂಗಳು ಕಳೆಯುವುದರೊಳಗೆ ಅಮ್ಮ ಮಗ್ಗದ ಶೆಡ್ಡಿಗೆ ಕಂಡಿಕೆ ಸುತ್ತಲು ಹೋದಳು. ಲಾಳಿಯೊಳಗೆ ಕೂರುವ ನೂಲಿನ ಕೊಳವೆ ಅದು, ಬೆಳಗಿನಿಂದ ಸಂಜೆಯವರೆಗೆ ಸುತ್ತಿದರೂ ಸಾಲದು. ಕೈ ಹಿಡಿಯಲು ಬಂದವನನ್ನು, ಗಂಡ ಸತ್ತವಳು ಎದುರಿಗೆ ಬಂದಳೆಂದು ದಾರಿ ಬದಲಿಸಿದವನನ್ನು, ಎಲ್ಲರನ್ನೂ ಅವಳು ಬಾಯಿಂದಲೇ ಅಟ್ಟಿದಳು.

ಶೆಡ್ಡಿನೊಳಗೆ ಮಾತಾಡುವ ರೀತಿಯೇ ಬೇರೆ. ಇಪ್ಪತ್ತು ಪವರ್‌ಲೂಮ್ ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ನಾವು ಮಗ್ಗದವರು ತುಟಿ ನೋಡಿ ಮಾತು ತಿಳಿಯುತ್ತೇವೆ. ಊಟ ಆಯ್ತಾ, ನೂಲು ಬಂತಾ, ಮಾಲೀಕ ಬಂದ ಹುಷಾರು, ಎಲ್ಲವೂ ಆ ಮೂಲೆಯಿಂದ ಈ ಮೂಲೆಗೆ ಸದ್ದಿಲ್ಲದೆ, ತುಟಿ ಅಗಲ ಮಾಡಿಕೊಂಡೇ ನಡೆಯುತ್ತದೆ. ಹದಿನಾರಕ್ಕೇ ಮಗ್ಗಕ್ಕೆ ನಿಂತ ನನಗೆ ಈ ವಿದ್ಯೆ ಓದು ಬರಹಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮಗ್ಗದ ಹುಡುಗರೇ ಸೇರಿ ಒಂದು ಫುಟ್ಬಾಲ್ ತಂಡ ಕಟ್ಟಿದ್ದೆವು. ಹನ್ನೊಂದರಲ್ಲಿ ಏಳು ಜನಕ್ಕೆ ಬರಿಗಾಲು. ನಾನು ಗೋಲ್‌ಕೀಪರ್. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆಯ ತಂಡಗಳು ಭಾನುವಾರ ಲಾರಿ ಹತ್ತಿ ಬರುತ್ತಿದ್ದವು. ಅಮ್ಮ ಒಂದು ಗೋಣಿಚೀಲ ಹಿಡಿದು ಬಂದು ನನ್ನ ಗೋಲುಕಂಬದ ಪಕ್ಕ ಹಾಸಿಕೊಂಡು ಕೂರುತ್ತಿದ್ದಳು. ಹಾಫ್‌ಟೈಮ್ ಆಗಿ ನಾವು ಕಡೆ ಬದಲಿಸಿದರೆ ಅವಳೂ ಚೀಲ ಕೊಡವಿಕೊಂಡು ಆ ಕಡೆಯ ಕಂಬಕ್ಕೆ ಬರುತ್ತಿದ್ದಳು. ಇಡೀ ಮೈದಾನದಲ್ಲಿ ಮಗ್ಗದ ಮನೆಯ ಹೆಂಗಸರು ಹತ್ತು ಹನ್ನೆರಡು ಜನ ಇದ್ದರೆ ಹೆಚ್ಚು, ಅವರನ್ನು ಕರೆತಂದವಳೂ ಇವಳೇ.

ಬೈಗುಳವಿಲ್ಲದ ಆಟವನ್ನು ನಾನು ನೋಡಿಲ್ಲ. ಆಡುವವರು ಬೈಯುತ್ತಿದ್ದರು, ನೋಡುವವರು ಬೈಯುತ್ತಿದ್ದರು, ಸೋಡಾ ಮಾರುವವನು ಗೋಲಿ ಒತ್ತುತ್ತಲೇ ಬೈಯುತ್ತಿದ್ದ. ಗಂಡಸರ ಬೈಗುಳಕ್ಕೆ ಇದ್ದದ್ದು ಒಂದೇ ದಾರಿ. ತಪ್ಪು ಮಾಡಿದವನು ಯಾರೇ ಆಗಲಿ, ಬೈಸಿಕೊಳ್ಳುವವರು ಅವನ ಅಮ್ಮ, ಅಕ್ಕ, ತಂಗಿ. ನಮ್ಮಮ್ಮ ಆ ದಾರಿಗೆ ಹೋದವಳೇ ಅಲ್ಲ. "ನಿನ್ ಕಾಲಿಗೆ ಲಕ್ವ ಹೊಡಿಯ!" ಅನ್ನುತ್ತಿದ್ದಳು. "ಕಣ್ಣಿಗೆ ಸುಣ್ಣ ಬಿತ್ತೇನೋ ಮೂದೇವಿ?" ಅನ್ನುತ್ತಿದ್ದಳು. ರೆಫರಿಗಂತೂ, "ಪೀಪಿ ಊದೋ ಹಂಗಿದ್ರೆ ಮದ್ವೆ ಮನೆಗೋಗೋ, ಊಟನಾದ್ರೂ ಹಾಕ್ತಾರೆ!" ಬೈಸಿಕೊಂಡವನೇ ಎಷ್ಟೋ ಸಲ ನಕ್ಕುಬಿಡುತ್ತಿದ್ದ.

ನಗದವನು ಒಬ್ಬ ಸಿಕ್ಕಿದ. ಆ ವರ್ಷದ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಬಾವುಟ ಹಿಡಿದು ಗೆರೆ ಕಾಯಲು ನಿಂತವನು ಕಮಿಟಿ ಅಧ್ಯಕ್ಷರ ಅಳಿಯ. ಅಧ್ಯಕ್ಷರೆಂದರೆ ಅಕ್ಕಿ ಗಿರಣಿಯ ಯಜಮಾನರು, ಬಿಸಿಲಲ್ಲೂ ಕೋಟು ಬಿಚ್ಚದವರು. ನಮ್ಮವರು ಹೊಡೆದ ಗೋಲಿಗೆ ಅಳಿಯ ಸುಮ್ಮಸುಮ್ಮನೆ ಬಾವುಟ ಎತ್ತಿದ.

"ಲೇ ಬಾವುಟದಪ್ಪ! ಅದನ್ನ ಅಲ್ಲೇ ಮಡಗಿ ಮನೇಲಿ ರಾಗಿ ಬೀಸೋಗು! ನಿನ್ ಕೈ ಸೇದೋಗ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಅಳಿಯ ಬಾವುಟ ಬಿಸಾಕಿ ಹೊರಟುಹೋದ. ಆಟವನ್ನು ನಾವೇ ಗೆದ್ದೆವು, ಆದರೆ ಮಾರನೆಯ ಸಂಜೆ ನಮ್ಮ ಕ್ಯಾಪ್ಟನ್ ಮನೆಗೆ ಬಂದು ಬಾಗಿಲಲ್ಲೇ ನಿಂತ. ನನಗಿಂತ ಹತ್ತು ವರ್ಷ ದೊಡ್ಡವನು, ಒಳ್ಳೆಯವನು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಫೈನಲ್ಲಿಗೆ ನೀವು ಬರಬಾರ್ದಂತೆ."

"ಯಾರಂತಪ್ಪ ಹೇಳಿದ್ದು?"

"ಕಮಿಟಿಯೋರು. ನೀವು ಬಂದ್ರೆ ತಂಡನೇ ಆಡ್ಸಲ್ವಂತೆ. ಹೆಂಗಸು ಹಂಗೆಲ್ಲ ಬೈದ್ರೆ ಊರಿನ ಮಾನ ಹೋಗುತ್ತಂತೆ."

"ಗಂಡಸರು ಬೈದ್ರೆ?"

ಕ್ಯಾಪ್ಟನ್ ನೆಲ ನೋಡಿದ. "ಅದು ಆಟದಲ್ಲಿ ಇದ್ದಿದ್ದೇ ಅಲ್ವೇನಕ್ಕ."

ಆಗ ನಾನು ಏನಂದೆ ಗೊತ್ತೆ? "ಒಂದ್ಸಲ ಮನೇಲೇ ಇದ್ಬಿಡಮ್ಮ" ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ವಾರವೆಲ್ಲ ಶೆಡ್ಡಲ್ಲಿ ಬಗ್ಗಿಸಿದ್ ತಲೆ ಎತ್ತಲ್ಲ. ಒಂದ್ ಭಾನುವಾರ ನನ್ ಮಗನ ಆಟ ನೋಡ್ಕೊಂಡು ಬಾಯ್ತುಂಬ ಕೂಗ್ತೀನಿ. ಅದೂ ಬೇಡ್ವೇನೋ ನಂಗೆ?" ಅಂದಳು. ಸೆರಗು ಸಿಕ್ಕಿಸಿಕೊಂಡು ನೇರ ಗಿರಣಿಗೆ ನಡೆದಳು. ನಾನು ಹಿಂದೆ ಓಡಿದೆ.

ಗಿರಣಿಯಲ್ಲಿ ಜನ ತುಂಬಿದ್ದರು. ಅಮ್ಮ ಎಲ್ಲರೆದುರೇ ಕೇಳಿದಳು: "ಬೈಬೇಡ ಅಂದ್ರೆ ಬೈಯಲ್ಲ, ಸ್ವಾಮಿ. ಬರಬೇಡ ಅನ್ನಕ್ಕೆ ಮೈದಾನ ಏನು ನಿಮ್ ಗಿರಣಿ ಅಂಗಳಾನ?" ಅಷ್ಟು ಜನರ ಮುಂದೆ ಅಧ್ಯಕ್ಷರಿಗೆ ಇಲ್ಲ ಅನ್ನಲಾಗಲಿಲ್ಲ. ಷರತ್ತು ಹಾಕಿದರು. ಫೈನಲ್ ದಿನ ಅವಳ ಬಾಯಿಂದ ಒಂದೇ ಒಂದು ಮಾತು ಹೊರಗೆ ಬಂದರೂ ನಮ್ಮ ತಂಡ ಸೋತಂತೆ, ಅವಳು ಇನ್ನೆಂದೂ ಮೈದಾನದ ಕಡೆ ತಲೆ ಹಾಕಬಾರದು. ಅಮ್ಮ "ಆಯ್ತು" ಅಂದಳು.

ಫೈನಲ್ ದೇವನಹಳ್ಳಿಯ ತಂಡದ ಮೇಲೆ. ಅಮ್ಮ ಕಂಬದ ಪಕ್ಕ ತುಟಿ ಬಿಗಿದು ಕೂತಳು. ಅವಳ ದನಿ ಇಲ್ಲದೆ ನಮ್ಮ ಹುಡುಗರು ಉಪ್ಪಿಲ್ಲದ ಸಾರಿನ ಹಾಗೆ ಆಡಿದರು. ಸ್ವಲ್ಪ ಹೊತ್ತಿಗೆ ಅವರ ಫಾರ್ವರ್ಡ್ ಒಬ್ಬ ನನ್ನ ಪಕ್ಕೆಗೆ ಮಂಡಿ ಕೊಟ್ಟು ಕೆಡವಿದ. ಬೆಂಗಳೂರಿಂದ ಬಂದಿದ್ದ ರೆಫರಿ ಸೀಟಿಯನ್ನೇ ಊದಲಿಲ್ಲ. ಬಿದ್ದಲ್ಲಿಂದಲೇ ಅಮ್ಮನ ಕಡೆ ನೋಡಿದೆ. ಅವಳ ತುಟಿ ಅಗಲವಾಗಿ, ನಿಧಾನವಾಗಿ, ಸದ್ದಿಲ್ಲದೆ ಆಡುತ್ತಿತ್ತು.

'ನಿನ್ ಮಂಡಿ ಮುರ್ದೋಗ, ಕೋಣ.'

ನೋವಿನಲ್ಲೂ ನಗು ಬಂತು. ನಮ್ಮ ಬ್ಯಾಕ್ ಆಟಗಾರ ನೋಡಿದ, ಅವನೂ ನಕ್ಕ. ಮಗ್ಗದ ಹೆಂಗಸರು ನೋಡಿದರು, ಅವರೂ ತುಟಿ ತೆರೆದರು. ನೋಡನೋಡುತ್ತಲೇ ಗೆರೆಯುದ್ದಕ್ಕೂ ನಿಂತ ಮಗ್ಗದವರೆಲ್ಲ, ಗಂಡಸರು ಹೆಂಗಸರು ಅನ್ನದೆ, ಸದ್ದಿಲ್ಲದೆ ಬೈಯತೊಡಗಿದರು. ಅಷ್ಟು ಬಾಯಿ ಆಡುತ್ತಿವೆ, ಒಂದು ದನಿಯಿಲ್ಲ! ರೆಫರಿ ಒಮ್ಮೆ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿ ನೋಡಿಕೊಂಡ. ದೇವನಹಳ್ಳಿಯವರಿಗೆ ತಮಗೇನಾಗುತ್ತಿದೆ ಎಂದೇ ತಿಳಿಯಲಿಲ್ಲ. ಅಧ್ಯಕ್ಷರು ಮಾತ್ರ ಕುರ್ಚಿಯಲ್ಲಿ ಸುಖವಾಗಿದ್ದರು. ಅಕ್ಕಿ ಗಿರಣಿಯವರಿಗೆ ತುಟಿಮಾತು ಎಲ್ಲಿಂದ ಬರಬೇಕು?

ಹಾಫ್‌ಟೈಮ್ ಆದ ಮೇಲೆ ನನ್ನ ಗೋಲಿನ ಹಿಂದೆ ದೇವನಹಳ್ಳಿಯ ಜನ ಸೇರಿದರು. ಶುರುಮಾಡಿದರು.

"ಲೇ ಮುಂಡೇಮಗನೇ! ಬಿಡೋ ಗೋಲು! ಮುಂಡೇಮಗನೇ!"

ನಮ್ಮ ಕಡೆ ಇದನ್ನು ಯಾರು ಯಾರಿಗೆ ಬೇಕಾದರೂ ಅನ್ನುತ್ತಾರೆ. ಗಂಡ ಸತ್ತವಳ ಮಗ ಎಂದು ಅರ್ಥ. ಕೂಗುವವರಿಗೆ ಅದು ಬಾಯಿಚಟ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತಿದ್ದವಳಿಗೆ ಅದು ಅವಳ ಬಾಳು. ಅಧ್ಯಕ್ಷರ ಕುರ್ಚಿ ಅಲ್ಲೇ, ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅವರು ಸೋಡಾ ಕುಡಿಯುತ್ತಿದ್ದರು. ಕುಡಿದು ಮುಗಿಸಿ ಬಾಟಲಿ ಕೆಳಗಿಟ್ಟರು, ಅಷ್ಟೆ.

ಅಮ್ಮನ ತುಟಿ ನಿಂತುಹೋಗಿತ್ತು. ಅವಳು ಅಳುತ್ತಿದ್ದಾಳೇನೋ ಎಂದು ನಾನು ತಿರುಗಿ ನೋಡಿದೆ. ನೋಡಿದ ಕೂಡಲೇ ತುಟಿ ಆಡಿತು: 'ನನ್ನೇನ್ ನೋಡ್ತೀಯೋ ಗೂಬೆ, ಚೆಂಡ್ ನೋಡೋ.' ಈ ಮಾತನ್ನು ನಾನು ಕೊನೆಯ ಅಕ್ಷರದವರೆಗೆ ಓದಿದೆ. ಓದಿ ಮುಗಿಸುವಷ್ಟರಲ್ಲಿ ಚೆಂಡು ನನ್ನ ಹಿಂದಿತ್ತು. ಮಗ್ಗದವನಲ್ಲದೆ ಇನ್ಯಾವ ಗೋಲ್‌ಕೀಪರೂ ಅಂಥ ಗೋಲು ಬಿಡಲಾರ. ಆ ಒಂದು ಗೋಲಿನಿಂದಲೇ ನಾವು ಸೋತೆವು.

ಬಹುಮಾನದ ಹೊತ್ತಿಗೆ ಮೇಜು ಹಾಕಿ ಮೈಕು ಇಟ್ಟರು. ಅಧ್ಯಕ್ಷರು ಎದ್ದು ಹೇಳಿದರು: "ಈ ಸಲದ ಫೈನಲ್‌ನಲ್ಲಿ ಒಂದೇ ಒಂದು ಕೆಟ್ಟ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಈ ತಾಯಿಗೂ ಬುದ್ಧಿ ಬಂದಿದೆ. ಬಾಮ್ಮ, ಬಾ." ಅಮ್ಮ ಹೋದಳು. ಅವರು ಒಂದು ನಿಂಬೆಹಣ್ಣು ಚಾಚಿದರು. ಅವಳು ಕೈ ಒಡ್ಡಲಿಲ್ಲ. ಅವರ ಮುಖವನ್ನೇ ನೋಡುತ್ತ, ತುಟಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಮಗ್ಗದವರ ಕಡೆ ಈ ಸಲ ಯಾರೂ ನಗಲಿಲ್ಲ.

"ಪಾಪ," ಎಂದರು ಅಧ್ಯಕ್ಷರು ಮೈಕಿನಲ್ಲಿ, "ಸಂತೋಷಕ್ಕೆ ಮಾತೇ ಹೊರಡ್ತಿಲ್ಲ."

ನನಗೆ ಮೈ ಉರಿದುಹೋಯಿತು. ಹೋಗಿ ಮೈಕು ಕಿತ್ತುಕೊಂಡೆ.

"ಮಾತು ಹೊರಟಿದೆ ಸ್ವಾಮಿ, ನಿಮಗೆ ಕೇಳಿಸಿಲ್ಲ. ಅಮ್ಮ ಅಂದಿದ್ದನ್ನ ಹಂಗಂಗೇ ನಾನು ಹೇಳ್ತೀನಿ, ಕೇಳಿಸ್ಕೊಳಿ. ನನ್ ಬಾಯಿ ಮುಚ್ಚಿಸ್ಬಿಟ್ಟು ಬುದ್ಧಿ ಬಂತು ಅಂತೀಯಲ್ಲ, ನನ್ ಮಗನ್ನ ಅಷ್ಟ್ ಜನ ಮುಂಡೇಮಗ ಅಂತ ಕೂಗ್ದಾಗ ನಿನ್ ಕಿವೀನ ಯಾವ್ ಅಕ್ಕಿ ಮೂಟೇಲಿ ಕಟ್ಟಿ ಮಡಗಿದ್ದೆ, ಮೂದೇವಿ?"

ಅಧ್ಯಕ್ಷರ ಕೈಯಿಂದ ನಿಂಬೆಹಣ್ಣು ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಕಮಿಟಿ ಸಭೆ ಸೇರಿತು. ಅಮ್ಮನನ್ನು ಅವರಿಗೆ ಏನೂ ಮಾಡಲಾಗಲಿಲ್ಲ, ಅವಳ ಬಾಯಿಂದ ಒಂದು ಮಾತೂ ಹೊರಗೆ ಬಂದಿರಲಿಲ್ಲವಲ್ಲ. ಬಂದದ್ದು ನನ್ನ ಬಾಯಿಂದ. ನನಗೆ ಒಂದು ವರ್ಷ ಆಟವಿಲ್ಲ. ಕ್ಷಮಾಪಣೆ ಬರೆದುಕೊಟ್ಟರೆ ಬಿಟ್ಟುಬಿಡುತ್ತಾರಂತೆ ಎಂದು ಕ್ಯಾಪ್ಟನ್ ಹಾಳೆ ಪೆನ್ನು ತಂದ. ಅಮ್ಮ ಕಂಡಿಕೆ ಸುತ್ತುತ್ತ ಕೂತಿದ್ದಳು, 'ಬರಿ' ಅನ್ನಲಿಲ್ಲ, 'ಬೇಡ' ಅನ್ನಲಿಲ್ಲ. ನಾನು ಹಾಳೆಯನ್ನು ಹಾಗೇ ಮಡಿಚಿ ಅವನ ಜೇಬಿಗೆ ಸಿಕ್ಕಿಸಿದೆ. ಇಷ್ಟು ವರ್ಷವಾಯಿತು, ಇನ್ನೂ ಬರೆದಿಲ್ಲ.

ಮುಂದಿನ ಭಾನುವಾರ ಹೊಸಕೋಟೆಯ ತಂಡದ ಮೇಲೆ ಆಟವಿತ್ತು. ನನ್ನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ನೋಡಲಾಗದೆ ನಾನು ಜನರ ಹಿಂದೆ ದೂರ ನಿಂತೆ. ಅಮ್ಮ ಅದು ಹೇಗೆ ಕಂಡುಹಿಡಿದಳೋ. "ಅಲ್ಲೇನೋ ಮಾಡ್ತಿದೀಯ? ಬಾರೋ ಇಲ್ಲಿ!" ಎಂದು ಆ ಕೊನೆಗೂ ಕೇಳುವ ಹಾಗೆ ಕೂಗಿದಳು. ಗೋಣಿಚೀಲದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಕೂತೆ. ಅಷ್ಟರಲ್ಲಿ ಗೆರೆಯ ಮೇಲಿದ್ದ ಅಳಿಯ ಮತ್ತೆ ಸುಮ್ಮಸುಮ್ಮನೆ ಬಾವುಟ ಎತ್ತಿದ. ಬಾಯಿ ತೆರೆದ ಅಮ್ಮ ತಡೆದುಕೊಂಡು ನನ್ನ ಮುಖ ನೋಡಿದಳು.

"ನೀನ್ ಶುರು ಮಾಡು" ಅಂದಳು.