ಬ್ರೆಡ್ ತಿಂದು ಪೂಜೆಗೆ ಹೋಗುತ್ತಿದ್ದವನು

ಇನ್ನಾಸಪ್ಪನ ಬಗ್ಗೆ ಬರೆಯಿರಿ ಎಂದು ಜನ ನನಗೇ ಹೇಳುತ್ತಾರೆ, ನೋಡಿ ಮಜಾ. ಅವನ ಸುಳ್ಳಿನಿಂದ ಬೆಲ್ಜಿಯಂ ತಪ್ಪಿದ್ದು ನನಗೆ, ಮದುವೆ ಮುರಿದದ್ದು ನನ್ನದು, ಈಗ ಅವನ ಕಥೆ ಹೇಳಬೇಕಾದವನೂ ನಾನೇ. ಆಗಲಿ, ಹೇಳುತ್ತೇನೆ. ಬರೀ ಚಲೋದನ್ನೇ ಹೇಳುತ್ತೇನೆಂದು ಮಾತ್ರ ಯಾರೂ ತಿಳಿಯಬೇಡಿ.

ನಾವಿಬ್ಬರೂ ಗಜೇಂದ್ರಗಡದ ನೇಕಾರರ ಮಕ್ಕಳು. ಊರಲ್ಲಿ ಕ್ರೈಸ್ತರ ಮನೆ ಹದಿನೈದೂ ಇರಲಿಲ್ಲ. ೧೯೫೪ರಲ್ಲಿ ನಮ್ಮ ಚರ್ಚಿನ ಸ್ವಾಮಿಗಳು ಯಾರ್‍ಯಾರಿಗೋ ಪತ್ರ ಬರೆದು, ಬೆಲ್ಜಿಯಮ್ಮಿನ ನೇಯ್ಗೆ ಶಾಲೆಯೊಂದರಲ್ಲಿ ನಮ್ಮೂರ ಒಬ್ಬ ಹುಡುಗನಿಗೆ ಎರಡು ವರ್ಷ ಕಲಿಯಲು ಜಾಗ ಗಿಟ್ಟಿಸಿದರು. ಮ್ಯಾಟ್ರಿಕ್ ಪಾಸಾದವರು ನಾವಿಬ್ಬರೇ. ಮಗ್ಗದ ಕೆಲಸದಲ್ಲಿ ನಾನು ಮುಂದು. ಇದು ಜಂಬವಲ್ಲ, ಅವನೂ ಒಪ್ಪುತ್ತಾನೆ. ನನ್ನ ಹೆಸರೇ ನಿಕ್ಕಿಯಾಗಿತ್ತು. ಆಗ ಒಂದು ಸಂಜೆ ಇನ್ನಾಸಪ್ಪ ಸ್ವಾಮಿಗಳ ಬಳಿ ಹೋಗಿ, ಚೌರಪ್ಪ ಕೆಮ್ಮಿದರೆ ರಕ್ತ ಬೀಳುತ್ತದೆ, ಪಾಪ ಮನೆಯಲ್ಲೂ ಹೇಳಿಲ್ಲ ಎಂದು ಹೇಳಿ ಬಂದ. ಚೌರಪ್ಪ ಅಂದರೆ ನಾನು.

ಹಡಗಿನ ದಿನ ಹತ್ತಿರ ಬಂದಿತ್ತು. ಸ್ವಾಮಿಗಳು ಹೆದರಿ ಅವನನ್ನು ಕಳಿಸಿದರು, ನನಗೆ ಗದಗಿನ ದವಾಖಾನೆಗೆ ಹೋಗಿ ತೋರಿಸಿಕೋ ಎಂದರು. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಆದರೆ ಅಷ್ಟರಲ್ಲಿ ಚೌರಪ್ಪನಿಗೆ ಕ್ಷಯವಂತೆ ಎಂಬ ಮಾತು ಮುದಗಲ್ ಮುಟ್ಟಿತ್ತು. ನನಗೆ ಗೊತ್ತು ಮಾಡಿದ್ದ ಅಲ್ಲಿನ ಹೆಣ್ಣಿನವರು ನಿಶ್ಚಯ ಮುರಿದು ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಇದೆಲ್ಲ ಯಾರಿಂದ ಆಯಿತೆಂದು ನನಗೆ ಗೊತ್ತಿರಲಿಲ್ಲ.

ಅತ್ತ ಬೆಲ್ಜಿಯಮ್ಮಿನಲ್ಲಿ ಇನ್ನಾಸಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮದು ಕುಣಿಮಗ್ಗ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವವರು ನಾವು. ಅಲ್ಲಿ ದಿನವಿಡೀ ನಿಂತು ಯಂತ್ರ ಕಾಯಬೇಕು. ಸಂಜೆ ಕಾಲು ಬಿದ್ದು ಹೋಗುವಷ್ಟು ನೋಯುತ್ತಿದ್ದರೂ ಊಟ ಮಾಡಿ ಬೀದಿ ಸುತ್ತಲು ಹೊರಡುತ್ತಿದ್ದನಂತೆ. ಚಳಿಯಲ್ಲಿ ಚರ್ಚಿನ ಬಾಗಿಲ ಹೊರಗೆ ಬೂಟು ಬಿಟ್ಟು ಒಳಗೆ ಹೋಗಿ, ಎಲ್ಲರೂ ತಿರುಗಿ ನೋಡುವ ಹಾಗೆ ಮಾಡಿಕೊಂಡ. ನಮ್ಮ ಧರ್ಮದಲ್ಲಿ ಶುಕ್ರವಾರ ಮಾಂಸವಿಲ್ಲವೆಂದು, ಅವನು ಉಳಿದಿದ್ದ ಮನೆಯ ಒಡತಿ ಮೀನು ಇಡುತ್ತಿದ್ದಳು. ನಮ್ಮ ರೋಣ ತಾಲೂಕಿನವನು ಮೀನು ಎಲ್ಲಿ ಕಂಡಾನು? ಬರೀ ಬಟಾಟಿ ತಿಂದು ಏಳುತ್ತಿದ್ದ.

ಚರ್ಚಿನ ಪೂಜೆ ಮಾತ್ರ ನಮ್ಮೂರಿನದೇ, ಅದೇ ಲ್ಯಾಟಿನ್. ಆ ದೇಶದಲ್ಲಿ ಅವನಿಗೆ ಪೂರಾ ಬರುತ್ತಿದ್ದುದು ಅದೊಂದೇ. ಆದರೆ ಅಲ್ಲೇ ಅವನಿಗೆ ಹೆಚ್ಚು ಕಷ್ಟ. ಅಂಥ ಪಾಪ ಹೊತ್ತವನು ಅದನ್ನು ಗುರುಗಳಿಗೆ ನಿವೇದಿಸದೆ ಪ್ರಸಾದ ತೆಗೆದುಕೊಳ್ಳುವಂತಿಲ್ಲ. ನನಗೆ ಇವರ ಭಾಷೆ ಬರುವುದಿಲ್ಲ, ಹೇಗೆ ಹೇಳಲಿ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಇಂಗ್ಲಿಷ್ ಬರುತ್ತಿತ್ತಲ್ಲೋ ಎಂದು ಆಮೇಲೆ ಕೇಳಿದೆ. ಇದಕ್ಕೆ ಸಾಲುವಷ್ಟು ಬರುತ್ತಿರಲಿಲ್ಲ ಎಂದ. ಕಳ್ಳ.

ಪ್ರತಿ ಭಾನುವಾರ ಇಡೀ ಸಾಲು ಪ್ರಸಾದಕ್ಕೆ ಎದ್ದಾಗ ಇವನೊಬ್ಬ ಮೊಣಕಾಲು ಮಡಚಿ ಎಲ್ಲರಿಗೂ ದಾರಿ ಬಿಡುತ್ತಿದ್ದ. ಮನೆಯೊಡತಿ ಒಮ್ಮೆ ನೋಡಿದಳು, ಎರಡು ಸಲ ನೋಡಿದಳು, ಮೂರನೆಯ ಸಲ ಕೇಳಿಯೇ ಬಿಟ್ಟಳು. ಅಂದಿನಿಂದ ಈ ಮಹಾಶಯ ಭಾನುವಾರ ಬೆಳಿಗ್ಗೆ ಆಕೆಯ ಕಣ್ಣೆದುರೇ ಒಂದು ತುಂಡು ಬ್ರೆಡ್ ತಿನ್ನತೊಡಗಿದ. ರಾತ್ರಿಯಿಂದ ಹಿಡಿದ ಉಪವಾಸ ಮುರಿದವನಿಗೆ ಪ್ರಸಾದವಿಲ್ಲ; ಹಸಿವು ತಡೆಯದ ಹುಡುಗ ಎಂದು ಆಕೆ ಸುಮ್ಮನಾದಳು. ಆ ಬ್ರೆಡ್ಡನ್ನು ನೀರು ಕುಡಿದು ಕುಡಿದು ನುಂಗುತ್ತಿದ್ದನಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಹುಡುಗ ಊರ ನೆನಪಿನಲ್ಲಿ ಕೊರಗುತ್ತಿದ್ದಾನೆಂದು ಅವಳೇ ಅವನನ್ನು ಪಕ್ಕದೂರಿನ ಮಠಕ್ಕೆ ಕಳಿಸಿದಳು. ಗದಗ ಕಡೆ ಮೂವತ್ತು ವರ್ಷ ಇದ್ದು ಬಂದ ಮುದಿ ಗುರುಗಳೊಬ್ಬರು ಅಲ್ಲಿದ್ದರು. ಯಾವೂರಪಾ ನಿಂದು ಎಂದು ಅವರು ಕೇಳಿದ್ದೇ ತಡ, ಇವನಿಗೆ ಅಳು ಬಂತು. ಇಬ್ಬರೂ ಒಂದು ತಾಸು ರೊಟ್ಟಿ, ರೋಣದ ಸಂತೆ, ಗದಗಿನ ಬಸ್ಸು ಎಂದು ಮಾತಾಡಿದರು. ಏಳುವ ಹೊತ್ತಿಗೆ ಗುರುಗಳು, ಈಸ್ಟರ್ ಬಂತು, ಪಾಪನಿವೇದನೆ ಆಯಿತೇನು ಎಂದರು. ಇನ್ನು ಭಾಷೆ ಬರುವುದಿಲ್ಲ ಎನ್ನುವಂತಿರಲಿಲ್ಲ. ಎಲ್ಲ ಹೇಳಿದ.

"ಕ್ಷಮಾ ದೇವರ ಹಂತ್ಯಾಕ ಐತಿ. ಆ ಹುಡುಗನ ಹೆಸರ ನಿನ್ನ ಹಂತ್ಯಾಕ ಐತಿ," ಎಂದರಂತೆ ಗುರುಗಳು. "ಮೊದಲ ಅದನ್ನ ಅವಗ ಕೊಟ್ಟ ಬಾ."

ಅವನು ಎರಡು ಪತ್ರ ಬರೆದ, ಒಂದು ಸ್ವಾಮಿಗಳಿಗೆ, ಒಂದು ನನಗೆ. ನೀನು ಬಾ ಎಂದರೆ ಮುಂದಿನ ಹಡಗಿಗೇ ಬರುತ್ತೇನೆ, ಉಳಿದದ್ದನ್ನು ನೀನೇ ಬಂದು ಕಲಿ ಎಂದಿದ್ದ. ಓದಿ ಪತ್ರವನ್ನು ಮಗ್ಗದ ಕುಣಿಗೆ ಎಸೆದೆ, ಸಿಟ್ಟಿಗೆ. ಆರು ವಾರ ಉತ್ತರ ಬರೆಯಲಿಲ್ಲ. ಬೇಕೆಂದೇ. ಅಲ್ಲಿ ಟಪಾಲಿನವನು ಬಂದ ಸಪ್ಪಳವಾದರೆ ಸಾಕು, ಮೆಟ್ಟಿಲಿಳಿದು ಓಡುತ್ತಿದ್ದನಂತೆ. ಓಡಲಿ.

ಸ್ವಾಮಿಗಳು ಕರೆದು, ತಿಳಿಸಬೇಕಾದವರಿಗೆಲ್ಲ ನಾನೇ ತಿಳಿಸುತ್ತೇನೆ, ನಿನ್ನ ಹೆಸರು ಚೊಕ್ಕ ಮಾಡುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಕಡೆಗೆ ಅವನಿಗೆ ನಾಲ್ಕು ಸಾಲು ಬರೆದೆ: ಓದು ಮುಗಿಸಿಯೇ ಬಾ, ಬಂದ ಮೊದಲ ಭಾನುವಾರ ಪೂಜೆಯಾದ ಮೇಲೆ ಎಲ್ಲರೆದುರು ನಿಂತು ನಿನ್ನ ಬಾಯಿಂದ ಹೇಳು, ಅಲ್ಲಿಯವರೆಗೆ ನಾನೂ ಯಾರಿಗೂ ಹೇಳುವುದಿಲ್ಲ. ಆಗಲಿ ಎಂದು ಅವನ ಉತ್ತರ ಬಂತು.

ಆಮೇಲೆ ಒಂದೂವರೆ ವರ್ಷ ನನ್ನ ತಲೆಯಲ್ಲಿ ಅದೊಂದೇ. ಲಾಳಿ ಎಸೆದರೆ ಎಳೆ ಹರಿಯುತ್ತಿತ್ತು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಬಂದ. ಭಾನುವಾರ ಪೂಜೆ ಮುಗಿಯುತ್ತಲೇ ಎದ್ದು ನಿಂತ. ಹೆಂಗಸರ ಕಡೆ ಕೂತಿದ್ದ ಅವನ ತಾಯಿ ದೇವವ್ವ, ಮಗ ಬೆಲ್ಜಿಯಮ್ಮಿನ ಸುದ್ದಿ ಹೇಳುತ್ತಾನೆಂದು ಪಕ್ಕದವಳನ್ನು ತಿವಿದು ತೋರಿಸಿದಳು. ಗಂಡ ಸತ್ತ ಮೇಲೆ ನೂಲು ಸುತ್ತಿ ಅವನನ್ನು ಓದಿಸಿದವಳು ಆಕೆ. ಅದನ್ನು ನೋಡಿ ನಾನು ಅವನ ಅಂಗಿ ಜಗ್ಗಿದೆ.

"ಕುಂದ್ರೋ, ಸಾಕು," ಎಂದೆ.

ಅವನು ಕೂರಲಿಲ್ಲ. ರಕ್ತದ ಮಾತು, ಮುದಗಲ್ಲಿನ ಸಂಬಂಧ, ಅಲ್ಲಿ ಮಾಡಿದ ಪಾಪನಿವೇದನೆ, ನಾನು ಬರೆದ ನಾಲ್ಕು ಸಾಲು, ಒಂದನ್ನೂ ಬಿಡದೆ ಹೇಳಿದ. ಹೊರಗೆ ಬಂದಾಗ ಜನ ನನ್ನ ಕೈ ಹಿಡಿದು ಏನೇನೋ ಹೇಳುತ್ತಿದ್ದರು. ನಾನು ದೇವವ್ವನನ್ನು ಹುಡುಕಿದೆ. ಗೋಡೆಯ ಬಳಿ ಚಪ್ಪಲಿ ಮೆಟ್ಟಲು ತಡಕಾಡುತ್ತಿದ್ದಳು. ನನ್ನನ್ನು ಕಂಡು ತಲೆ ಎತ್ತಿದಳು.

"ದೇವರ ಮುಂದ ಹೇಳಿದ್ದ ಅವಾ. ನನ್ನ ಮುಂದ ಯಾಕ ಹೇಳಿಸಿದ್ಯೋ ಚೌರಪ್ಪ?"

ಒಂದೂವರೆ ವರ್ಷ ಆ ಭಾನುವಾರವನ್ನು ದಿನಾ ಮನಸ್ಸಿನಲ್ಲಿ ಕಂಡಿದ್ದೆ. ಯಾರು ಎಲ್ಲಿ ಕೂತಿರುತ್ತಾರೆ, ಯಾರ ಮುಖ ಹೇಗಾಗುತ್ತದೆ, ಎಲ್ಲ. ಅದರಲ್ಲಿ ದೇವವ್ವ ಒಮ್ಮೆಯೂ ಇರಲಿಲ್ಲ.