ಗೋಡೆಯ ಮೇಲಿನ ಮುತ್ತಜ್ಜ

ಫ್ರೇಮ್ ಅಂಗಡಿಯವರಿಗೆ ಅರವತ್ತು ತುಂಬಿದ್ದೇ ತಡ, ವಂಶದ ಹುಚ್ಚು ಹಿಡಿಯಿತು. ಊರಿನಲ್ಲಿ ಸತ್ತವರನ್ನೆಲ್ಲ ಕಟ್ಟು ಹಾಕಿ ಗೋಡೆಗೇರಿಸಿದ ಕೈ ಅವರದು. ಸ್ವಂತ ಹಿರಿಯರನ್ನು ಬಿಡುತ್ತಾರೆಯೇ? ಮುತ್ತಜ್ಜ ಹಡಗು ಹತ್ತಿ ಈ ದೇಶಕ್ಕೆ ಬಂದು ಅಂಗಡಿ ಇಟ್ಟವನು ಎಂಬಷ್ಟು ಮನೆಯವರಿಗೆಲ್ಲ ಗೊತ್ತಿತ್ತು. ಎಲ್ಲಿಂದ ಬಂದ, ಯಾಕೆ ಬಂದ ಎಂದರೆ ಎಲ್ಲರೂ ನಡುಮನೆಯ ಗೋಡೆಯತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಮುತ್ತಜ್ಜ ಮೀಸೆ ತಿರುವಿಕೊಂಡು ತೆಪ್ಪಗೆ ಕೂತಿದ್ದ.

ಆ ಮೀಸೆಯ ಪ್ರತಾಪ ಸಣ್ಣದಲ್ಲ. ಮನೆಯ ಗಂಡಸರೆಲ್ಲ ಅದನ್ನು ನೋಡಿಯೇ ಮೀಸೆ ಬಿಟ್ಟವರು, ಒಬ್ಬರಿಗೂ ಒಪ್ಪಲಿಲ್ಲ. ನಮ್ಮ ಅಂಗಡಿಯವರದಂತೂ ಎಡಕ್ಕೆ ಏರಿದರೆ ಬಲಕ್ಕೆ ಜೋಲುತ್ತಿತ್ತು. ಎರಡು ವರ್ಷ ಅವರು ಬಂದರಿನ ಕಚೇರಿಗಳನ್ನು ಸುತ್ತಿದರು, ಮುಖಪರಿಚಯವಿಲ್ಲದ ನೆಂಟರ ಬಾಗಿಲು ತಟ್ಟಿದರು, ಅವರು ಕೊಟ್ಟ ಕಾಫಿ ಕುಡಿಯುತ್ತ ಮುತ್ತಜ್ಜನ ಮೂಗು ಬಂದಿದೆಯೇ ಎಂದು ಅವರ ಮೂಗನ್ನೇ ದಿಟ್ಟಿಸಿದರು.

"ರೀ, ಹೆಂಗಸರ ಮುಖ ಹಾಗೆಲ್ಲ ನೋಡ್ಬೇಡಿ, ಯಾರಾದ್ರೂ ಬಾರಿಸ್ತಾರೆ" ಎಂದು ಹೆಂಡತಿ ಎಚ್ಚರಿಸಿದ್ದೂ ಆಯಿತು.

ಅಂತೂ ಒಂದು ಬಸ್ಸು ತುಂಬುವಷ್ಟು ನೆಂಟರು ಸಿಕ್ಕಿದರು. ಭಾನುವಾರ ಅವರೆಲ್ಲ ಬರುವವರಿದ್ದರು. ಅವರಲ್ಲಿ ಯಾರೂ ಮುತ್ತಜ್ಜನ ಮುಖ ಕಂಡವರಲ್ಲ. ನಾನು ತೋರಿಸುತ್ತೇನೆ ಎಂದು ಇವರು ಎಲ್ಲರಿಗೂ ಮಾತು ಕೊಟ್ಟಿದ್ದರು. ಶನಿವಾರ ಹೊಸ ಕಟ್ಟು ಹಾಕೋಣವೆಂದು ಚಿತ್ರವನ್ನು ಇಳಿಸಿದರು. ತಿರುಗಿಸಿ ನೋಡಿದರೆ ಹಿಂದಿನ ಹಲಗೆಯ ಮೇಲೆ ನೀಲಿ ಪೆನ್ಸಿಲಿನ ಒಂದು ಸೊನ್ನೆ.

ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು, ಸೊನ್ನೆಯೇ. ಅಂಗಡಿಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ ಅದು. ಗಿರಾಕಿಯ ಚಿತ್ರಕ್ಕೆ ಹಿಂದೆ ಸೊನ್ನೆ, ಅವರು ಒಯ್ಯುವಾಗ ಅದಕ್ಕೊಂದು ಅಡ್ಡಗೀಟು. ಒಯ್ಯದೆ ಉಳಿದದ್ದನ್ನು ಗೆದ್ದಲು ಹತ್ತದಂತೆ ಗೋಡೆಗೆ ತೂಗುಹಾಕುವುದು. ಈ ನಡುಮನೆಯೇ ಹಿಂದೆ ಅಂಗಡಿಯಾಗಿತ್ತು. ಅಂಗಡಿ ರಸ್ತೆಯಾಚೆ ಹೋದಾಗ ಗೋಡೆಯ ಮೇಲಿನವನು ಇಲ್ಲೇ ಉಳಿದಿದ್ದ. ಈ ಸೊನ್ನೆಗೆ ಅಡ್ಡಗೀಟು ಬಿದ್ದಿರಲಿಲ್ಲ. ಯಾವನೋ ಗಿರಾಕಿ ಮರೆತುಹೋದ ಮನುಷ್ಯನಿಗೆ ಮೂರು ತಲೆಮಾರಿನವರು ಕೈ ಮುಗಿದಿದ್ದರು, ಮೀಸೆ ಬೇರೆ ಬಿಟ್ಟಿದ್ದರು!

ಬಾಯಿ ಮುಚ್ಚಿಕೊಂಡು ಹೊಸ ಹಲಗೆ ಹೊಡೆದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಹಲಗೆ ಕೊಯ್ದದ್ದೂ ಆಗಿತ್ತು. ಅಷ್ಟರಲ್ಲಿ ಸೋದರತ್ತೆ ಕೋಲೂರಿಕೊಂಡು ಬಂದರು.

"ಯಾಕೋ, ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ?"

ಅಂಗಡಿಯವರು ಸೊನ್ನೆ ತೋರಿಸಿದರು. ಅಂಗಡಿಯಲ್ಲೇ ಬೆಳೆದ ಅತ್ತೆಗೆ ಮತ್ತೇನೂ ಹೇಳಬೇಕಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ, ಮದುವೆ ದಿನ ಇವನ ಮುಂದೆ ನಿಂತು ಅತ್ತಿದ್ನಲ್ಲೋ!"

"ನಾಳೆ ಬಂದವರಿಗೆ ಏನಂತ ಹೇಳ್ಲಿ ಅತ್ತೆ? ಇಷ್ಟೆಲ್ಲ ಅಲೆದದ್ದು ಈ ಮುಖ ತೋರ್ಸೋಕೆ" ಎಂದರು ಅಂಗಡಿಯವರು. ಅವಮಾನಕ್ಕಿಂತ ದುಃಖವೇ ಹೆಚ್ಚಾಗಿತ್ತು. ಸಮುದ್ರ ದಾಟಿ ಬಂದ ಆ ಮನುಷ್ಯ ಹೇಗಿದ್ದನೆಂದು ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ.

ಅತ್ತೆ ನಗು ನಿಲ್ಲಿಸಿದರು. "ನಿನ್ನ ಕಥೆ ಹಾಗಿರಲಿ. ಇವನ ಮನೆಯವರೂ ಎಲ್ಲೋ ಹುಡುಕ್ತಾ ಇರ್ಬೇಕಲ್ಲೋ, ಪಾಪ. ಅವರಿಗೆ ಯಾರು ತೋರಿಸ್ತಾರೆ?"

ಅಂಗಡಿಯವರು ಕೊಯ್ದ ಹಲಗೆಯನ್ನು ಪಕ್ಕಕ್ಕಿಟ್ಟರು. ಗಾಜು ಒರೆಸಿ, ಹಳೆಯ ಕಟ್ಟನ್ನೇ ಬಿಗಿ ಮಾಡಿ, ಚಿತ್ರವನ್ನು ರಸ್ತೆ ದಾಟಿಸಿ ಅಂಗಡಿಯ ಮುಂದೆ ಎಲ್ಲರಿಗೂ ಕಾಣುವಂತೆ ಇಟ್ಟರು.

ಭಾನುವಾರ ನೆಂಟರೆಲ್ಲ ಬಂದು, ಬರಿಗೋಡೆ ನೋಡಿ, ಮುತ್ತಜ್ಜ ಎಲ್ಲಿ ಎಂದರು.

"ಅವರ ಮುಖ ನನಗೂ ಗೊತ್ತಿಲ್ಲ. ತಪ್ಪಾಯ್ತು" ಎಂದರು ಅಂಗಡಿಯವರು. "ಆದ್ರೆ ಎದುರು ಅಂಗಡೀಲಿ ಬೇರೆಯವರ ಮುತ್ತಜ್ಜ ಒಬ್ಬರು ಕಾಯ್ತಾ ಇದ್ದಾರೆ. ಹೋಗ್ತಾ ಒಂದ್ಸಲ ನೋಡಿ. ಆ ಮೂಗು ಯಾರದಾದ್ರೂ ಮನೇಲಿ ಕಂಡಿದ್ರೆ ನನಗೊಂದು ಮಾತು ಹೇಳಿ."