ಕೆಂಪರಾಜುವಿನ ಮೀಸೆ

ನಮ್ಮ ಅಜ್ಜಂಪುರಕ್ಕೆ ನಾಟಕ ಕಲಿಸಲು ಬರುವ ಹಾರ್ಮೋನಿಯಂ ಮೇಷ್ಟ್ರು ಮುಖ ನೋಡಿಯೇ ಪಾತ್ರ ಹಂಚುತ್ತಾರೆ. ಕೆಂಪರಾಜುವಿನ ಎತ್ತರ, ಕೆನ್ನೆಯವರೆಗೆ ತಿರುವಿದ ಮೀಸೆ, ಗಡಸು ದನಿ ನೋಡಿ ರಾಕ್ಷಸ ಎಂದರು. ನುಣ್ಣಗೆ ಬೋಳಿಸಿದ ತೀರ್ಥೇಶನ ಬಿಳಿ ಮುಖ ನೋಡಿ ದೇವರು ಎಂದರು. ಒಮ್ಮೆ ಕೊಟ್ಟ ಪಾತ್ರ ಬದಲಾಗುವ ರೂಢಿಯಿಲ್ಲ. ತೀರ್ಥೇಶ ವೇಷ ಕಟ್ಟಿ ಬಂದರೆ ಅಜ್ಜಿಯರು ಆರತಿ ಎತ್ತಿ ಅವನ ಕಾಲು ಮುಟ್ಟುತ್ತಿದ್ದರು. ಇಬ್ಬರ ಬಟ್ಟೆಯನ್ನೂ ಹೊಲಿಯುತ್ತಿದ್ದವಳು ನಾನೇ, ಟೈಲರ್ ಮೆಹರುನ್ನೀಸಾ. ರಾಕ್ಷಸನಿಗೆ ಬಟ್ಟೆ ಜಾಸ್ತಿ ಬೇಕು, ದೇವರಿಗೆ ಜರಿ ಜಾಸ್ತಿ ಬೇಕು.

ಮಿಕ್ಕ ದಿನಗಳಲ್ಲಿ ನಮ್ಮ ರಾಕ್ಷಸ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾನೆ. ನನ್ನ ಮೊಮ್ಮಗಳು ನೂರೈನ್ ಹೋಗುವುದು ಅದರಲ್ಲೇ. ವಾಂತಿ ಬರುವವರಿಗೆ ನಿಂಬೆಹಣ್ಣು, ಜಡೆ ಬಿಚ್ಚಿಹೋದವರಿಗೆ ರಬ್ಬರ್ ಬ್ಯಾಂಡು, ಎಲ್ಲ ಅವನ ಸೀಟಿನ ಪಕ್ಕದಲ್ಲಿರುತ್ತವೆ. ಮನೆಯ ಬಾಗಿಲು ತೆರೆದು ಯಾರಾದರೂ ಮುಖ ತೋರಿಸುವವರೆಗೂ ಅವನು ಮಗುವನ್ನು ಬಿಟ್ಟು ಗಾಡಿ ಹೊರಡಿಸುವವನಲ್ಲ. ಹಿಂದೆ ನಿಂತ ಬೈಕಿನವರು ಹಾರ್ನ್ ಹೊಡೆದು ಬೈದರೂ ಅಷ್ಟೇ.

ಹೋದ ವರ್ಷ ಒಂದು ದಿನ, ಶಾಲೆ ಬಿಡುವ ಹೊತ್ತಿನಲ್ಲಿ, ಒಂಟಿಯಾಗಿದ್ದ ಕಲ್ಲಮ್ಮಜ್ಜಿಯ ತಲೆಗೆ ಯಾರೋ ಕಟ್ಟಿಗೆಯಿಂದ ಹೊಡೆದು ಕೊರಳ ಸರ ಕಿತ್ತುಕೊಂಡು ಹೋದರು. ಪ್ರಜ್ಞೆಯಿಲ್ಲದ ಅಜ್ಜಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ಅದೇ ಹೊತ್ತಿಗೆ ಕೆಂಪರಾಜುವಿನ ವ್ಯಾನ್ ಆ ಬೀದಿಯಲ್ಲಿ ಬಹಳ ಹೊತ್ತು ನಿಂತಿತ್ತು. ಅಜ್ಜಿಯ ಪಕ್ಕದ ಮನೆಯ ಶ್ರುತಿ ಅಂದು ಕೆಲಸದಿಂದ ಬರುವುದು ತಡವಾಗಿತ್ತು. ಅವಳ ಮಗಳನ್ನು ವ್ಯಾನಿನಲ್ಲೇ ಕೂರಿಸಿಕೊಂಡು ಅವನು ಕಾಯುತ್ತಿದ್ದ. ಪೊಲೀಸರು ವಿಚಾರಣೆಗೆ ಕರೆದರು, ಕೇಳುವುದನ್ನು ಕೇಳಿ ಮರುದಿನ ಕಳಿಸಿದರು. ಊರಿಗೆ ಅಷ್ಟೇ ಸಾಕಾಯಿತು.

ನನಗೆ ಮೊದಲಿನಿಂದಲೂ ಕುತೂಹಲ ಜಾಸ್ತಿ. ಬ್ಲೌಸ್ ಹೊಲಿಸಲು ಬಂದವರನ್ನೆಲ್ಲ ಕೇಳತೊಡಗಿದೆ, ನೀವು ಏನು ನೋಡಿದಿರಿ ಎಂದು. ಅಳತೆ ತೆಗೆಯುವಾಗ ಯಾರೂ ತಪ್ಪಿಸಿಕೊಂಡು ಹೋಗಲಾರರು.

“ನೋಡೋದೇನು ಮೆಹರಕ್ಕ, ಆ ಮೀಸೆ, ಆ ಕಣ್ಣು ಕಂಡ್ರೇ ಗೊತ್ತಾಗಲ್ವಾ?” ಎಂದಳು ಒಬ್ಬಳು.

“ನಾಟಕದಲ್ಲಿ ಹೆಂಗೆ ಕತ್ತು ಹಿಸುಕ್ತಾನೆ! ಒಳಗೆ ಇಲ್ದೆ ಬತ್ತದಾ ಅದು?” ಎಂದಳು ಇನ್ನೊಬ್ಬಳು.

ಶ್ರುತಿಯೂ ಬಂದಳು. “ನಿನ್ ಮಗಳನ್ನ ಕಾಯ್ಕೊಂಡು ನಿಂತಿದ್ನಲ್ಲಮ್ಮ?” ಎಂದೆ.

“ನಾನು ಬಂದಾಗ ಇದ್ದ. ಅದಕ್ಕೂ ಮುಂಚೆ ಎಲ್ಲಿದ್ನೋ, ಯಾರು ಕಂಡೋರು?”

“ಮಗಳು ಏನಂತಾಳೆ?”

“ವ್ಯಾನ್ ಬಿಟ್ಟು ಇಳೀಲೇ ಇಲ್ಲ ಅಂತಾಳೆ. ಮಗು ಕಣ್ರೀ, ಅದಕ್ಕೇನು ಗೊತ್ತಾಗುತ್ತೆ?”

ನನಗೆ ಎಂಥ ಸಿಟ್ಟು ಬಂತೆಂದರೆ, ಅವಳ ತೋಳಿನ ಅಳತೆಯನ್ನು ಮತ್ತೆ ತೆಗೆಯಬೇಕಾಯಿತು.

ಮಕ್ಕಳು ಒಬ್ಬೊಬ್ಬರಾಗಿ ವ್ಯಾನ್ ಬಿಟ್ಟರು. ಕೊನೆಗೆ ಉಳಿದವಳು ನೂರೈನ್ ಒಬ್ಬಳೇ. ನನ್ನದೇನೂ ದೊಡ್ಡ ಮನಸ್ಸಲ್ಲ, ಬೇರೆ ವ್ಯಾನಿನವರು ನಮ್ಮ ಗಲ್ಲಿಯೊಳಗೆ ಬರುವುದಿಲ್ಲ. ಒಂದು ಮಗುವಿಗಾಗಿ ಎಷ್ಟು ದಿನ ಗಾಡಿ ಓಡಿಸಲಾದೀತು? ಕೆಂಪರಾಜು ವ್ಯಾನ್ ಮಾರಿಬಿಡುವ ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಶಾಲೆಗೆ ಹೊರಟ ನೂರೈನ್ ವಾಪಸ್ ಓಡಿ ಬಂದು, ವ್ಯಾನಿನಲ್ಲಿ ಯಾರೋ ಬೇರೆಯವರಿದ್ದಾರೆ ಎಂದಳು. ಹೋಗಿ ನೋಡಿದರೆ ಕೆಂಪರಾಜುವೇ. ಮೀಸೆ ಇಲ್ಲ. ಬರಿ ತುಟಿಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದ.

“ಮಕ್ಳು ಹೆದರ್ತವಂತೆ ಮೆಹರಕ್ಕ. ತೆಗೆಸ್ಬಿಟ್ಟೆ.”

ವ್ಯಾನಿನಲ್ಲಿ ಯಾವ ಮಗುವೂ ಹೆದರಿರಲಿಲ್ಲ, ಆ ಮೀಸೆ ಎಳೆಯುವುದೇ ಅವರ ಆಟವಾಗಿತ್ತು. ನನ್ನ ಅಂಗಡಿಯಲ್ಲಿ ಮಾತ್ರ ಹೊಸ ಮಾತು ಹುಟ್ಟಿತು: “ತಪ್ಪು ಮಾಡ್ದೇ ಇರೋನು ಮೀಸೆ ಯಾಕೆ ತೆಗೆಸ್ತಾನೆ ಹೇಳಿ? ಮಾಡಿದ್ದಕ್ಕೇ ತೆಗೆಸಿದ್ದು.”

ಅಷ್ಟರಲ್ಲಿ ಕಡೂರಿನ ಚಿನ್ನದಂಗಡಿಯಲ್ಲಿ ಅಜ್ಜಿಯ ಸರ ಮಾರಲು ಹೋಗಿ ತೀರ್ಥೇಶ ಸಿಕ್ಕಿಬಿದ್ದ. ಹೊಡೆದದ್ದು ತಾನೇ ಎಂದು ಒಪ್ಪಿಕೊಂಡ. ನಾನು ಮತ್ತೆ ಟೇಪು ಹಿಡಿದು ಎಲ್ಲರನ್ನೂ ಕೇಳಿದೆ.

“ಪಾಪ, ಏನು ಕಷ್ಟ ಬಂದಿತ್ತೋ.”

“ಸಹವಾಸ ಕೆಟ್ಟದ್ದು ಕಣ್ರೀ, ಹುಡುಗ ಅಂಥೋನಲ್ಲ.”

ನನಗಿದು ಬಹಳ ವಿಚಿತ್ರವೆನಿಸಿತು. ತೀರ್ಥೇಶನ ಮುಖಕ್ಕೆ ಎಲ್ಲರೂ ಕಾರಣ ಹುಡುಕುತ್ತಿದ್ದರು, ಕೆಂಪರಾಜುವಿನ ಮುಖಕ್ಕೆ ಕಾರಣವೇ ಬೇಕಿರಲಿಲ್ಲ. ಕೆಂಪರಾಜುವನ್ನು ಹುಡುಕಿಕೊಂಡು ಹೋದವರು ನಾಟಕದವರು ಮಾತ್ರ. ರಾಕ್ಷಸನ ಪಾತ್ರಕ್ಕೆ ಬೇರೆ ಯಾರೂ ಹೊಂದುವುದಿಲ್ಲ, ಬೇಗ ಮೀಸೆ ಬೆಳೆಸು ಎಂದರಂತೆ. ಇವನು ಆಗುವುದಿಲ್ಲ ಎಂದು ಕಳಿಸಿದ. ವ್ಯಾನಿಗೆ ಮಕ್ಕಳಂತೂ ಬರಲಿಲ್ಲ. ಬಿಟ್ಟವರಿಗೆ ಮತ್ತೆ ಕಳಿಸಲು ನಾಚಿಕೆ.

ಕಲ್ಲಮ್ಮಜ್ಜಿ ಹುಷಾರಾಗಿ ಊರಿಗೆ ಬಂದರು. ತಲೆಗೆ ಪಟ್ಟಿ ಸುತ್ತಿಕೊಂಡೇ ಒಂದು ಸಂಜೆ ನನ್ನ ಅಂಗಡಿಗೆ ಬಂದು ಕೂತರು. ಬಟ್ಟೆ ಒಯ್ಯಲು ಬಂದಿದ್ದ ಶ್ರುತಿಯೂ ಅಲ್ಲಿದ್ದಳು.

“ಬಾಗಿಲು ಯಾಕೆ ತೆಗೆದ್ರಿ ಅಜ್ಜಿ?” ಎಂದು ಕೇಳಿದೆ. ಕೇಳದೆ ಇರಲು ನನ್ನಿಂದಾಗದು.

“ದೇವ್ರ ಪಾತ್ರದೋನಲ್ವೇನವ್ವ? ನೀರು ಕೇಳ್ದ. ಕೈ ಮುಗ್ದು ಒಳಕ್ಕೆ ಕರ್ದೆ.”

ಆಗ ನೂರೈನಳನ್ನು ಬಿಡಲು ಕೆಂಪರಾಜು ಬಂದು ಬಾಗಿಲಲ್ಲಿ ನಿಂತ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

“ಯಾರೋ ಅದು? ಕೆಂಪರಾಜೂನಾ? ಮೀಸೆ ಏನಾಯ್ತೋ?”

ಅವನು ಬರಿ ತುಟಿಯ ಮೇಲೆ ಮತ್ತೆ ಕೈ ಅಡ್ಡ ಇಟ್ಟುಕೊಂಡ. ನಾನೇ ಎಲ್ಲ ಹೇಳಿದೆ, ಶ್ರುತಿಯ ಮುಖ ನೋಡಿಕೊಂಡೇ ಹೇಳಿದೆ.

“ಬೆಳೆಸ್ಕೊ ಕಣೋ,” ಎಂದರು ಅಜ್ಜಿ, ಪಟ್ಟಿಯ ಮೇಲೆ ಕೈಯಿಟ್ಟು. “ನನ್ ತಲೆ ಒಡ್ದೋನಿಗೆ ಮೀಸೇನೇ ಇರ್ಲಿಲ್ಲ.”

ಶ್ರುತಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ನಿಂತಿದ್ದಳು. ಕೆಂಪರಾಜುವಿನ ಕಡೆ ತಿರುಗಿ, “ನಾಳೆ ನಮ್ಮನೆ ಹತ್ರ ಬರ್ತೀರಾ?” ಎಂದಳು.

“ಬತ್ತೀನಿ ಕಣಮ್ಮ,” ಎಂದ ಕೆಂಪರಾಜು. “ಬಾಗಿಲು ತೆಗ್ಯೋವರ್ಗೂ ನಿಂತಿರ್ತೀನಿ.”